ಓಎಲ್‌ಇಡಿಗೆ ಅಷ್ಟೊಂದು ಪದರ ಯಾಕೆ? ಸೆಮಿನಾರ್ ತಲೆನೋವು, ಗೊತ್ತಿದ್ದವರು ಹೇಳಿ

ಹೇಮಾವತಿ ದಡ
ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಮುಂದಿನ ಗುರುವಾರ ಸೆಮಿನಾರ್ ಇದೆ. ಗೈಡ್ ಕೊಟ್ಟ ವಿಷಯ "ಪದರ ವಸ್ತುಗಳಿಂದ ಓಎಲ್‌ಇಡಿ ದಕ್ಷತೆ ಹೆಚ್ಚಿಸುವುದು". ಎರಡು ವಾರದಿಂದ ಓದುತ್ತಿದ್ದೇನೆ, ಓದಿದಷ್ಟೂ ಗೊಂದಲ ಜಾಸ್ತಿ.

ಬೆಳಕು ಬರುವುದು ನಡುವಿನ ಒಂದೇ ಒಂದು ಪದರದಿಂದ. ಹಾಗಿದ್ದ ಮೇಲೆ ಆ ಕಡೆ ಮೂರು, ಈ ಕಡೆ ಮೂರು ಪದರ ಯಾಕೆ? ಪ್ರತಿ ಪದರವೂ ಒಂದಿಷ್ಟು ವೋಲ್ಟೇಜ್ ತಿನ್ನುತ್ತದೆ, ಒಂದಿಷ್ಟು ಬೆಳಕು ನುಂಗುತ್ತದೆ ಅಲ್ವಾ? ಪದರ ಹೆಚ್ಚಾದರೆ ದಕ್ಷತೆ ಇಳಿಯಬೇಕು, ಏರುವುದು ಹೇಗೆ? ಗೈಡ್ ಹತ್ತಿರ ಕೇಳಿದೆ. "ಎನರ್ಜಿ ಲೆವೆಲ್ ಡಯಾಗ್ರಾಂ ನೋಡಮ್ಮ" ಅಂತ ಹೇಳಿ ಹೊರಟುಹೋದರು. ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಗೆರೆ ಎಳೆದಿದ್ದಾರೆ. ಅರ್ಥವಾಗಿದ್ದು ಅಷ್ಟೇ.

ಆಲೂಗಡ್ಡೆ ಸಂತೆ
ಎಲ್‌ಇಡಿ ಬಲ್ಬ್ ಗೊತ್ತು. ಈ ಓ ಎಲ್ಲಿಂದ ಬಂತು?

ಬೆಸುಗೆ ಕಡ್ಡಿ
ಅಣ್ಣಾ, ನಿಮ್ಮ ಫೋನ್ ಡಬ್ಬದ ಮೇಲೆ ಅಮೋಲೆಡ್ ಅಂತ ಬರೆದಿದ್ದರೆ ನಿಮ್ಮ ಕೈಯಲ್ಲಿರುವುದೇ ಅದು. ಓ ಅಂದರೆ ಆರ್ಗ್ಯಾನಿಕ್. ಸಾವಯವ ಗೊಬ್ಬರ ಅಂದುಕೊಳ್ಳಬೇಡಿ, ಇಂಗಾಲ ಇರುವ ಅಣುಗಳು ಅಂತ ಅರ್ಥ. ರಾತ್ರಿ ಲೈಟ್ ಆರಿಸಿ, ಪೂರ್ತಿ ಕಪ್ಪಿರುವ ಫೋಟೋ ಒಂದು ತೆಗೆದು ನೋಡಿ. ಓಎಲ್‌ಇಡಿ ಆದರೆ ಫೋನ್ ಆಫ್ ಆದ ಹಾಗೇ ಕಾಣುತ್ತದೆ, ಯಾಕೆಂದರೆ ಕಪ್ಪು ಬೇಕಾದ ಕಡೆ ಪಿಕ್ಸೆಲ್ ಉರಿಯುವುದೇ ಇಲ್ಲ. ಎಲ್‌ಸಿಡಿ ಆದರೆ ಹಿಂದಿನ ಲೈಟ್ ಸೋರಿ ಬೂದಿ ಬಣ್ಣ ಕಾಣುತ್ತದೆ. ನಾನು ಚಿಕ್ಕಮಗಳೂರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಕಾಪಿ ಡಿಸ್ಪ್ಲೇ ಯಾವುದು, ಒರಿಜಿನಲ್ ಯಾವುದು ಅಂತ ಗಿರಾಕಿಗೆ ತೋರಿಸುವುದು ಹೀಗೇ.

ನಿವೃತ್ತ ಮೇಷ್ಟ್ರು
ನೋಡಮ್ಮ, ಇತಿಹಾಸದಿಂದ ಹಿಡಿದರೆ ಸಲೀಸು. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಪೋಪ್ ಮತ್ತು ಅವರ ಜೊತೆಗಾರರು ಆಂತ್ರಸೀನ್ ಹರಳಿಗೆ ಕರೆಂಟ್ ಕೊಟ್ಟು ಬೆಳಕು ತೆಗೆದರು. ಒಂದೇ ವಸ್ತು, ಪದರಗಿದರ ಇಲ್ಲ. ಬೇಕಾಗಿದ್ದು ಸುಮಾರು 400 ವೋಲ್ಟ್. ಮನೆಯ 230 ವೋಲ್ಟ್ ಕೂಡ ಸಾಲದು.

ಆಮೇಲೆ 1987. ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ವಸ್ತು ತೆಗೆದುಕೊಂಡರು. ಗಾಜಿನ ಮೇಲೆ ಐಟಿಓ ಅನ್ನುವ ಪಾರದರ್ಶಕ ವಿದ್ಯುದ್ವಾರ, ಅದರ ಮೇಲೆ ಸುಮಾರು 75 ನ್ಯಾನೋಮೀಟರ್ ಡೈಅಮೈನ್ ಅನ್ನುವ ಸಾವಯವ ವಸ್ತು, ಅದರ ಮೇಲೆ 60 ನ್ಯಾನೋಮೀಟರ್ ಬೆಳಕು ಕೊಡುವ ಆಲ್ಕ್ಯೂ-3, ಕೊನೆಗೆ ಮೆಗ್ನೀಸಿಯಂ-ಬೆಳ್ಳಿ ಮಿಶ್ರಲೋಹ. 10 ವೋಲ್ಟ್‌ಗಿಂತ ಕಡಿಮೆಯಲ್ಲಿ ಹಸಿರಾಗಿ ಉರಿಯಿತು. ಇವತ್ತಿನ ಎಲ್ಲ ಫೋನ್ ಪರದೆಗಳ ಅಜ್ಜ ಅದು. ಒಂದು ಪದರ ಎರಡಾಯಿತು, 400 ವೋಲ್ಟ್ 10 ಆಯಿತು. ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಸಕಲೇಶಪುರದವನು
ಮೇಷ್ಟ್ರೇ, ತಪ್ಪು ತಿಳಿಯಬೇಡಿ, ಒಂದು ತಿದ್ದುಪಡಿ. 400 ವೋಲ್ಟ್ ಬೇಕಾಗಿದ್ದಕ್ಕೆ ದೊಡ್ಡ ಕಾರಣ ಹರಳಿನ ದಪ್ಪ. ಅದು ಹತ್ತಿಪ್ಪತ್ತು ಮೈಕ್ರೋಮೀಟರ್ ಇತ್ತು. ಕೊಡಾಕ್‌ನವರ ಎರಡೂ ಪದರ ಸೇರಿ 135 ನ್ಯಾನೋಮೀಟರ್, ಅಂದರೆ ನೂರು ಪಟ್ಟು ತೆಳು. ವೋಲ್ಟೇಜ್ ಇಳಿದಿದ್ದು ಮುಖ್ಯವಾಗಿ ತೆಳುವಾಗಿದ್ದರಿಂದ. ಎರಡನೇ ಪದರದಿಂದ ಬಂದ ಲಾಭ ಬೇರೆ: ಎಲೆಕ್ಟ್ರಾನ್ ಮತ್ತು ಹೋಲ್ ಎಲ್ಲಿ ಸೇರಬೇಕು ಅನ್ನುವುದು ನಮ್ಮ ಕೈಗೆ ಬಂತು.

ನಿವೃತ್ತ ಮೇಷ್ಟ್ರು
ಸರಿ ಕಣಪ್ಪ, ಒಪ್ಪಿದೆ. ಮೂವತ್ತು ವರ್ಷ ಹಾಗೇ ಪಾಠ ಮಾಡಿದ್ದೇನೆ, ಹುಡುಗರು ಯಾರೂ ಕೇಳಲಿಲ್ಲ.

ತೋಟದ ಮನೆ
ಹೋಲ್ ಅಂದರೆ ತೂತು ತಾನೇ? ತೂತು ಹೇಗೆ ಓಡಾಡುತ್ತದೆ ಮಾರಾಯ್ರೆ?

ಸಕಲೇಶಪುರದವನು
ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ. ಬಸ್ಸಲ್ಲಿ ಮುಂದಿನ ಸೀಟು ಖಾಲಿಯಾಯಿತು, ಹಿಂದಿನವನು ಅಲ್ಲಿಗೆ ಬಂದ, ಅವನ ಹಿಂದಿನವನು ಅವನ ಜಾಗಕ್ಕೆ ಬಂದ. ಜನ ಮುಂದೆ ಹೋದರು, ಖಾಲಿ ಸೀಟು ಹಿಂದೆ ಹೋಯಿತು. ಆ ಖಾಲಿ ಸೀಟೇ ಹೋಲ್.

ಬಸ್ ಮಾತು ಬಂದಿದ್ದಕ್ಕೆ ಅದರಲ್ಲೇ ಹೇಳುತ್ತೇನೆ. ಹಾಸನದಿಂದ ಒಬ್ಬ ಹೊರಟ, ಅವನು ಹೋಲ್. ಚಿಕ್ಕಮಗಳೂರಿಂದ ಒಬ್ಬಳು ಹೊರಟಳು, ಅವಳು ಎಲೆಕ್ಟ್ರಾನ್. ಇಬ್ಬರೂ ಬೇಲೂರಲ್ಲಿ ಸಿಗಬೇಕು. ಸಿಕ್ಕರೆ ಬೆಳಕು. ತೊಂದರೆ ಏನೆಂದರೆ ಅವನು ಹತ್ತಿದ್ದು ಎಕ್ಸ್‌ಪ್ರೆಸ್, ಅವಳು ಹತ್ತಿದ್ದು ಊರೂರಿಗೂ ನಿಲ್ಲುವ ಬಸ್. ಈ ಸಾವಯವ ವಸ್ತುಗಳಲ್ಲಿ ಸಾಮಾನ್ಯವಾಗಿ ಹೋಲ್ ಬೇಗ ಓಡುತ್ತದೆ, ಎಲೆಕ್ಟ್ರಾನ್ ನಿಧಾನ. ವ್ಯತ್ಯಾಸ ನೂರು ಪಟ್ಟು, ಕೆಲವು ಸಲ ಅದಕ್ಕೂ ಜಾಸ್ತಿ. ಒಂದೇ ಪದರ ಇದ್ದರೆ ಅವನು ಬೇಲೂರು ದಾಟಿ ಸೀದಾ ಚಿಕ್ಕಮಗಳೂರು ಸ್ಟ್ಯಾಂಡಿಗೇ ಬಂದುಬಿಡುತ್ತಾನೆ. ಅಲ್ಲಿ ಲೋಹದ ವಿದ್ಯುದ್ವಾರದ ಪಕ್ಕದಲ್ಲಿ ಸೇರಿದರೂ ಬೆಳಕು ಸಿಗದು, ಲೋಹ ಆ ಶಕ್ತಿಯನ್ನು ನುಂಗಿಹಾಕುತ್ತದೆ.

ಅದಕ್ಕೇ ಬೇಲೂರಲ್ಲಿ ಎರಡು ಗೇಟು. ಒಂದು ಹೋಲ್ ಮುಂದೆ ಹೋಗದಂತೆ ತಡೆಯುವ ಪದರ, ಇನ್ನೊಂದು ಎಲೆಕ್ಟ್ರಾನ್ ಈ ಕಡೆ ಬಾರದಂತೆ ತಡೆಯುವ ಪದರ. ಇಬ್ಬರಿಗೂ ಬೇರೆ ದಾರಿಯೇ ಇಲ್ಲ, ಸಿಗಲೇಬೇಕು.

ಬಾಲ್ಕನಿ ಗಿಡ
ಹಾಸನ–ಚಿಕ್ಕಮಗಳೂರು ರೂಟಲ್ಲಿ ಎಕ್ಸ್‌ಪ್ರೆಸ್ ಟೈಮಿಗೆ ಬರುತ್ತದೆ ಅಂತ ನಂಬಿದ ನಿಮ್ಮ ಹೋಲ್‌ಗೆ ನನ್ನ ನಮಸ್ಕಾರ.

ಹೇಮಾವತಿ ದಡ
ಅಣ್ಣಾ, ಗೇಟಿನ ಪದರ ಗೊತ್ತಾಯಿತು! ಆದರೆ ವಿದ್ಯುದ್ವಾರದ ಪಕ್ಕದಲ್ಲೇ ಇನ್ನೊಂದು ಪದರ ಇರುತ್ತದಲ್ಲ, ಇಂಜೆಕ್ಷನ್ ಲೇಯರ್ ಅಂತ, ಅದರಲ್ಲೂ ಲಿಥಿಯಂ ಫ್ಲೋರೈಡ್. ಅದು ಕರೆಂಟ್ ಹರಿಯದ ಉಪ್ಪು. ಅದನ್ನು ಮಧ್ಯೆ ಹಾಕಿದರೆ ಕರೆಂಟ್ ಹೆಚ್ಚು ಹರಿಯುತ್ತದೆ ಅಂತ ಪುಸ್ತಕದಲ್ಲಿದೆ. ಇದನ್ನು ಹೇಗೆ ನಂಬುವುದು?

ನಿವೃತ್ತ ಮೇಷ್ಟ್ರು
ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿದ್ದೀಯಲ್ಲ? ಬಂಡೆಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಕಡಿದಿದ್ದಾರೆ. ಮೆಟ್ಟಿಲು ಇಲ್ಲದಿದ್ದರೆ ಬೆಟ್ಟದ ಎತ್ತರ ಬದಲಾಗುತ್ತಿತ್ತೇ? ಇಲ್ಲ. ಆದರೆ ಹತ್ತುವವರು ಎಷ್ಟು ಜನ ಇರುತ್ತಿದ್ದರು? ಐಟಿಓದ ಶಕ್ತಿಯ ಮಟ್ಟ ಸುಮಾರು 4.7 ಎಲೆಕ್ಟ್ರಾನ್ ವೋಲ್ಟ್. ಹೋಲ್ ಸಾಗಿಸುವ ಪದರದ ಮಟ್ಟ 5.4ರ ಹತ್ತಿರ. ಒಂದೇ ನೆಗೆತಕ್ಕೆ 0.7 ಕಷ್ಟ. ನಡುವೆ 5.0ರ ಆಸುಪಾಸಿನ ಪದರ ಒಂದು ಇಟ್ಟರೆ ಎರಡು ಸಣ್ಣ ಹೆಜ್ಜೆ. ಗೈಡ್ ತೋರಿಸಿದ ಮೆಟ್ಟಿಲಿನ ಚಿತ್ರ ಅದೇ.

ಸಕಲೇಶಪುರದವನು
ಹೋಲ್ ಕಡೆಗೆ ಮೇಷ್ಟ್ರ ಮೆಟ್ಟಿಲು ಸರಿ. ಲಿಥಿಯಂ ಫ್ಲೋರೈಡ್ ಮೆಟ್ಟಿಲು ಅಲ್ಲ. ಅದನ್ನು ಹಾಕುವುದು ಅರ್ಧದಿಂದ ಒಂದು ನ್ಯಾನೋಮೀಟರ್ ಅಷ್ಟೇ, ಅಂದರೆ ಕೆಲವೇ ಅಣುಗಳ ದಪ್ಪ. ಅಲ್ಯೂಮಿನಿಯಂ ಮತ್ತು ಸಾವಯವ ಪದರದ ನಡುವೆ ಅದು ಕೂತರೆ ಎಲೆಕ್ಟ್ರಾನ್ ಒಳಗೆ ಬರಲು ಇರುವ ತಡೆ ಇಳಿಯುತ್ತದೆ. ಲಿಥಿಯಂ ಬಿಡುಗಡೆಯಾಗಿ ಪಕ್ಕದ ಪದರಕ್ಕೆ ಎಲೆಕ್ಟ್ರಾನ್ ದಾನ ಮಾಡುತ್ತದೆ ಅನ್ನುವುದು ಒಂದು ವಿವರಣೆ. 1997ರಲ್ಲಿ ಇದನ್ನೂ ಕೊಡಾಕ್‌ನವರೇ ತೋರಿಸಿದ್ದು. ಸ್ವಲ್ಪ ದಪ್ಪ ಮಾಡಿದರೆ ನೀನು ಹೇಳಿದ ಹಾಗೇ ಆಗುತ್ತದೆ, ಕರೆಂಟ್ ಬಂದ್. ಸಾರಿಗೆ ಉಪ್ಪು ಹಾಕಿದ ಹಾಗೆ, ಚಿಟಿಕೆ ದಾಟಿದರೆ ಕೆಟ್ಟಿತು.

ಕಡೂರು ಕಾಯಿ
ಇದೆಲ್ಲ ಹಳೇ ಕಥೆ. ಈಗ ಟ್ಯಾಂಡೆಮ್ ಓಎಲ್‌ಇಡಿ ಬಂದಿದೆ, ಒಂದರ ಮೇಲೊಂದು ಎರಡು ಪೂರ್ತಿ ಓಎಲ್‌ಇಡಿ. 2024ರ ಐಪ್ಯಾಡ್ ಪ್ರೊದಲ್ಲಿ ಅದೇ ಇರೋದು. ದಕ್ಷತೆ ಡಬಲ್. ಪದರ ಹೆಚ್ಚಾದಷ್ಟೂ ದಕ್ಷತೆ ಹೆಚ್ಚು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸೆಮಿನಾರಲ್ಲಿ ಇದನ್ನೇ ಹೇಳು, ಮುಗೀತು.

ಸಕಲೇಶಪುರದವನು
ಮುಗಿಯುವುದು ಅವಳ ಮಾರ್ಕ್ಸು. ಟ್ಯಾಂಡೆಮ್‌ನಲ್ಲಿ ಅದೇ ಕರೆಂಟಿಗೆ ಎರಡು ಪಟ್ಟು ಬೆಳಕು, ನಿಜ. ಆದರೆ ವೋಲ್ಟೇಜ್ ಕೂಡ ಹೆಚ್ಚುಕಮ್ಮಿ ಎರಡು ಪಟ್ಟು. ವ್ಯಾಟ್ ಲೆಕ್ಕ ಹಾಕಿ ನೋಡಿ. ಪ್ರತಿ ಆಂಪಿಯರ್‌ಗೆ ಬೆಳಕು ಡಬಲ್, ಪ್ರತಿ ವ್ಯಾಟ್‌ಗೆ ಬೆಳಕು ಹೆಚ್ಚುಕಮ್ಮಿ ಅಷ್ಟೇ.

ಕಡೂರು ಕಾಯಿ
ಹಾಗಾದರೆ ಅಷ್ಟು ದೊಡ್ಡ ಕಂಪನಿ ದುಡ್ಡು ಸುರಿದು ಸುಮ್ನೆ ಮಾಡಿತಾ?

ಸಕಲೇಶಪುರದವನು
ಸುಮ್ನೆ ಅಲ್ಲ. ಬಾಳಿಕೆಗೆ. ಅದೇ ಬೆಳಕಿಗೆ ಪ್ರತಿ ಪದರದಲ್ಲಿ ಅರ್ಧ ಕರೆಂಟ್ ಸಾಕು. ಕರೆಂಟ್ ಅರ್ಧವಾದರೆ ಆಯಸ್ಸು ಎರಡು ಪಟ್ಟಲ್ಲ, ಸುಮಾರು ಮೂರರಿಂದ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ಲಾಭವೂ ಇದೆ. ಕರೆಂಟ್ ಜಾಸ್ತಿ ಆದಂತೆ ಓಎಲ್‌ಇಡಿ ದಕ್ಷತೆ ಕುಸಿಯುತ್ತದೆ, ಎಲೆಕ್ಟ್ರಾನ್-ಹೋಲ್ ಸೇರಿ ಹುಟ್ಟುವ ಎಕ್ಸಿಟಾನ್‌ಗಳು ಒಂದನ್ನೊಂದು ಡಿಕ್ಕಿ ಹೊಡೆದು ಸಾಯುತ್ತವೆ. ಅರ್ಧ ಕರೆಂಟಲ್ಲಿ ಆ ಸಾವು ಕಡಿಮೆ. ಹಾಗಾಗಿ ವ್ಯಾಟ್ ಲೆಕ್ಕದಲ್ಲೂ ಸ್ವಲ್ಪ ಉಳಿಯುತ್ತದೆ. ಆದರೆ "ಡಬಲ್" ಅಂತ ಹೇಳಿದರೆ ಯಾವ ಎಕ್ಸಾಮಿನರ್ ಆದರೂ ಹಿಡಿಯುತ್ತಾರೆ. ಆ ಎರಡು ಓಎಲ್‌ಇಡಿಗಳ ನಡುವೆ ಚಾರ್ಜ್ ಹುಟ್ಟಿಸುವ ಒಂದು ಪದರ ಇರುತ್ತದೆ. ಈ ದಾರಿಯನ್ನು ಮುಂದಕ್ಕೆ ತಂದವರಲ್ಲಿ ಜಪಾನಿನ ಯಮಗತ ವಿಶ್ವವಿದ್ಯಾಲಯದ ಜುಂಜಿ ಕಿಡೊ ಮುಖ್ಯರು.

ಕಡೂರು ಕಾಯಿ
ಸರಿ. ವಾಪಸ್ ತೆಗೆದುಕೊಂಡೆ. ಆದರೆ ಬಾಳಿಕೆಯೂ ಒಂದು ದಕ್ಷತೆಯೇ, ದುಡ್ಡು ಕೊಡುವವನ ದೃಷ್ಟಿಯಿಂದ.

ಆಲೂಗಡ್ಡೆ ಸಂತೆ
ದುಡ್ಡಿನ ಮಾತು ಬಂತಲ್ಲ. ನನ್ನ ಫೋನಲ್ಲಿ ಎರಡು ತಿಂಗಳ ಹಿಂದೆ ಅಪ್‌ಡೇಟ್ ಹಾಕಿದ ಮಾರನೇ ದಿನ ಹಸಿರು ಗೆರೆ ಒಂದು ಬಂತು, ಮೇಲಿಂದ ಕೆಳಕ್ಕೆ ದಾರ ಎಳೆದ ಹಾಗೆ. ಸರ್ವಿಸ್ ಸೆಂಟರಲ್ಲಿ "ನೀರು ಹೋಗಿದೆ" ಅಂದರು. ನೀರು ನೋಡಿಯೇ ಇಲ್ಲ ಆ ಫೋನ್! ಡಿಸ್ಪ್ಲೇಗೆ 9 ಸಾವಿರ ಕೇಳಿದರು. ಒಂದು ಮೂಟೆ ಆಲೂಗಡ್ಡೆ ಬೆಲೆ ಕೇಳಿದ್ದೀರಾ ಈಗ? ಇದಕ್ಕೆ ಯಾವ ಪದರ ಕಾರಣ ಹೇಳಿ ನೋಡೋಣ.

ಬೆಸುಗೆ ಕಡ್ಡಿ
ಅಣ್ಣಾ, ಒಂದೇ ನೇರ ಗೆರೆ ಆದರೆ ಬೆಳಕಿನ ಪದರದ ತಪ್ಪಾಗಿರುವುದು ಕಡಿಮೆ. ನಾನು ನೋಡಿದ್ದರಲ್ಲಿ ಹೆಚ್ಚಿನವು ಅಂಚಿನ ಫ್ಲೆಕ್ಸ್ ಸ್ಟ್ರಿಪ್ (ಬಾಗುವ ತಂತಿಪಟ್ಟಿ) ಅಂಟಿಸಿರುವ ಜಾಗ ಅಥವಾ ಪರದೆ ನಡೆಸುವ ಚಿಪ್, ಅಂದರೆ ಡ್ರೈವರ್ ಐಸಿ ಕಡೆಯ ತೊಂದರೆ. ಒಂದು ಸಾಲಿಗೆ ಹೋಗುವ ಸಿಗ್ನಲ್ ಕೈಕೊಟ್ಟರೆ ಆ ಸಾಲು ಪೂರ್ತಿ ಉರಿದೇ ಇರುತ್ತದೆ.

ಪದರ ಕೆಟ್ಟರೆ ಹೇಗೆ ಕಾಣುತ್ತದೆ ಹೇಳುತ್ತೇನೆ. ಹೋದ ಜುಲೈನಲ್ಲಿ ಒಬ್ಬ ಹುಡುಗ ಫೋನ್ ತಂದ. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಕಡಲೆಬೀಜದಷ್ಟು ಕಪ್ಪು ಕಲೆ. "ಇಷ್ಟೇ ತಾನೆ, ಆಮೇಲೆ ಮಾಡಿಸ್ತೀನಿ" ಅಂತ ಹೋದ. ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಹತ್ತು ದಿನಕ್ಕೆ ಬಂದ. ಕಲೆ ಶಾಯಿ ಚೆಲ್ಲಿದ ಹಾಗೆ ಅರ್ಧ ಪರದೆಗೆ ಹರಡಿತ್ತು, ಅಂಚು ನೇರಳೆ. ಒಳಗೆ ಗಾಳಿ, ತೇವ ಹೋಗಿ ಪದರಗಳನ್ನು ತಿನ್ನುತ್ತಾ ಬಂದಿದೆ. ಅದಕ್ಕೆ ಔಷಧಿ ಇಲ್ಲ, ಕಾಂಬೋ, ಅಂದರೆ ಗಾಜು ಸೇರಿದ ಪೂರ್ತಿ ಡಿಸ್ಪ್ಲೇ ಬದಲಿಸಬೇಕು ಅಷ್ಟೇ.

ತೋಟದ ಮನೆ
ಮೂಡಿಗೆರೆ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಫೋನ್ ಯಾವ ಲೆಕ್ಕ. ನಾನು ಅಕ್ಕಿ ಡಬ್ಬದಲ್ಲಿ ಇಡುತ್ತೇನೆ.

ಬೆಸುಗೆ ಕಡ್ಡಿ
ಅಕ್ಕಿ ಡಬ್ಬ ಬೇಡ ಸಾರ್, ಚಾರ್ಜಿಂಗ್ ತೂತಿಂದ ಹಿಟ್ಟು ಕೆರೆದು ಕೆರೆದು ನನಗೆ ಸಾಕಾಗಿದೆ.

ಸಕಲೇಶಪುರದವನು
ಬೆಸುಗೆ ಕಡ್ಡಿಯವರು ಹೇಳಿದ ಕಲೆ ಎಷ್ಟು ಸೂಕ್ಷ್ಮ ವಿಷಯ ಗೊತ್ತಾ? ಓಎಲ್‌ಇಡಿ ಬಾಳಬೇಕಾದರೆ ಒಂದು ಚದರ ಮೀಟರ್ ಹೊದಿಕೆಯಿಂದ ಒಂದು ದಿನಕ್ಕೆ ಒಳಗೆ ನುಸುಳುವ ನೀರಿನ ಆವಿ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು ಅನ್ನುತ್ತಾರೆ. ಅದಕ್ಕೇ ಮೇಲೂ ಪದರಗಳು: ಒಂದು ಗಟ್ಟಿ ಅಜೈವಿಕ ಪದರ, ಒಂದು ಮೆತ್ತನೆ ಪಾಲಿಮರ್, ಮತ್ತೆ ಗಟ್ಟಿ. ಮೊದಲ ಗಟ್ಟಿ ಪದರದ ಸೂಜಿಮೊನೆ ತೂತೂ ಎರಡನೆಯದರ ತೂತೂ ಒಂದೇ ಸಾಲಿಗೆ ಬರುವುದಿಲ್ಲ, ನೀರು ಸುತ್ತಿ ಬಳಸಿ ಹೋಗಬೇಕು.

ಹೇಮಾವತಿ ದಡ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಹೊಸ ತಲೆಬಿಸಿ. ಸೀನಿಯರ್ ಒಬ್ಬರು "ನಿನ್ನ ವಿಷಯ ಇದಲ್ಲವೇ ಅಲ್ಲ, ಪದರ ವಸ್ತು ಅಂದರೆ ಗ್ರಾಫೀನ್, ಮಾಲಿಬ್ಡಿನಂ ಡೈಸಲ್ಫೈಡ್ ಥರದ್ದು" ಅಂದರು. ನಾನು ಮಾಡಿದ 22 ಸ್ಲೈಡ್ ಎಲ್ಲ ಹಾಳಾ?

ನಿವೃತ್ತ ಮೇಷ್ಟ್ರು
ಅಯ್ಯೋ, ಹೌದಲ್ಲ. ಒಂದು ಮಾತಿಗೆ ಎರಡು ಅರ್ಥ. ಒಂದು, ಬೇರೆ ಬೇರೆ ವಸ್ತುಗಳನ್ನು ಪದರವಾಗಿ ಜೋಡಿಸುವುದು. ಇನ್ನೊಂದು, ಹುಟ್ಟಾ ಪದರವಾಗಿರುವ ಹರಳು. ಅಭ್ರಕ ನೋಡಿದ್ದೀಯಲ್ಲ, ಉಗುರಿನಿಂದ ಎಬ್ಬಿಸಿದರೆ ಹಾಳೆ ಹಾಳೆ ಬರುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಕೂಡ ಅದೇ ಜಾತಿ. ಗೀಮ್ ಮತ್ತು ನೊವೊಸೆಲೊವ್ ಗಮ್ ಟೇಪ್ ಅಂಟಿಸಿ ಅಂಟಿಸಿ ಎಬ್ಬಿಸಿ ಒಂದೇ ಪರಮಾಣುವಿನ ದಪ್ಪದ ಗ್ರಾಫೀನ್ ತೆಗೆದಿದ್ದು 2004ರಲ್ಲಿ, ನೊಬೆಲ್ ಬಂದಿದ್ದು 2010ರಲ್ಲಿ.

ಸಕಲೇಶಪುರದವನು
ಸ್ಲೈಡ್ ಹಾಳಲ್ಲ, ಇದಕ್ಕೂ ಅದೇ ಮೆಟ್ಟಿಲು ಬೇಕು. ಇಂಜೆಕ್ಷನ್ ಪದರಕ್ಕೆ ಬಹಳ ಜನ ಪೆಡಾಟ್ ಪಿಎಸ್‌ಎಸ್ ಅನ್ನುವ ಪಾಲಿಮರ್ ಬಳಿಯುತ್ತಾರೆ. ನೀರಲ್ಲಿ ಕರಗುತ್ತದೆ, ಬಳಿಯುವುದು ಸಲೀಸು. ಆದರೆ ಅದಕ್ಕೆ ಎರಡು ಕೆಟ್ಟ ಬುದ್ಧಿ. ಆಮ್ಲೀಯ, ಐಟಿಓವನ್ನು ಕೊರೆಯುತ್ತದೆ. ಜೊತೆಗೆ ಗಾಳಿಯ ತೇವ ಹೀರುತ್ತದೆ. ಅದರ ಬದಲು ಮಾಲಿಬ್ಡಿನಂ ಆಕ್ಸೈಡ್, ಗ್ರಾಫೀನ್ ಆಕ್ಸೈಡ್, ಯುವಿ-ಓಜೋನ್‌ನಲ್ಲಿ ಹದ ಮಾಡಿದ ಟಂಗ್‌ಸ್ಟನ್ ಡೈಸಲ್ಫೈಡ್ ಇವನ್ನೆಲ್ಲ ಪ್ರಯತ್ನಿಸಿದ್ದಾರೆ. ಇವು ಪದರ ಹರಳುಗಳೇ. ನಿನ್ನ ಎರಡೂ ಅರ್ಥ ಇಲ್ಲಿ ಸೇರುತ್ತವೆ ನೋಡು.

ಗ್ರಾಫೀನನ್ನು ಐಟಿಓ ಬದಲು ವಿದ್ಯುದ್ವಾರ ಮಾಡುವ ಆಸೆಯೂ ಇದೆ, ಮಡಚಬಹುದು ಅಂತ. ಒಂದು ಹಾಳೆ 2.3% ಬೆಳಕು ಮಾತ್ರ ಹೀರುತ್ತದೆ. ಆದರೆ ಏನೂ ಬೆರೆಸದಿದ್ದರೆ ಅದರ ರೋಧ ಐಟಿಓಗಿಂತ ತುಂಬಾ ಹೆಚ್ಚು. ಎರಡು ಮೂರು ಹಾಳೆ ಜೋಡಿಸಿದರೆ ರೋಧ ಇಳಿಯುತ್ತದೆ, ಬೆಳಕೂ ಇಳಿಯುತ್ತದೆ. ನಿನ್ನ ಮೊದಲ ಪ್ರಶ್ನೆಯ ಭಯ ಇಲ್ಲಿ ನಿಜ.

ಬಾಲ್ಕನಿ ಗಿಡ
ಈಗ ಒಂದು ಓಎಲ್‌ಇಡಿ ಒಟ್ಟು ಎಷ್ಟು ದಕ್ಷ? ಅದನ್ನು ಯಾರೂ ಹೇಳಲೇ ಇಲ್ಲ.

ಸಕಲೇಶಪುರದವನು
ಇದು ನನಗೆ ಇಷ್ಟದ ಲೆಕ್ಕ. 1987ರ ಕೊಡಾಕ್ ಸಾಧನದ್ದೇ ತೆಗೆದುಕೊಳ್ಳಿ. ಎಲೆಕ್ಟ್ರಾನ್-ಹೋಲ್ ಸೇರಿದಾಗ ಹುಟ್ಟುವ ಎಕ್ಸಿಟಾನ್ ನಾಲ್ಕರಲ್ಲಿ ಒಂದು ಮಾತ್ರ ಸಿಂಗ್ಲೆಟ್, ಬೆಳಕು ಕೊಡುವ ಜಾತಿ. ಉಳಿದ ಮೂರು ಟ್ರಿಪ್ಲೆಟ್, ಬಿಸಿಯಾಗಿ ಹೋಗುತ್ತವೆ. 0.25. ಆಲ್ಕ್ಯೂ-3ರಲ್ಲಿ ಆ ಸಿಂಗ್ಲೆಟ್‌ಗಳಲ್ಲೂ ಸುಮಾರು ಕಾಲು ಭಾಗವಷ್ಟೇ ನಿಜವಾಗಿ ಬೆಳಕಾಗುತ್ತವೆ. ಮತ್ತೆ 0.25. ಹುಟ್ಟಿದ ಬೆಳಕಲ್ಲಿ ಗಾಜಿನಿಂದ ಹೊರಗೆ ಬರುವುದು ಐದರಲ್ಲಿ ಒಂದು. 0.2. ಗುಣಿಸಿ: 1.25%. ಅವರು ಅಳೆದದ್ದು ಸುಮಾರು 1%. ಗುಣಾಕಾರ ಮಾಡಿದಾಗ ನನಗೆ ಮೈ ಜುಂ ಅಂದಿತ್ತು.

ಮೊದಲ ಎರಡು ಸಂಖ್ಯೆಗಳನ್ನು ಜನ ಗೆದ್ದಾಯಿತು. 1998ರಲ್ಲಿ ಥಾಂಪ್ಸನ್, ಫಾರೆಸ್ಟ್ ತಂಡ ಪ್ಲಾಟಿನಂ, ಆಮೇಲೆ ಇರಿಡಿಯಂ ಇರುವ ಅಣು ಬಳಸಿದರು. ಭಾರವಾದ ಪರಮಾಣು ಇದ್ದರೆ ಟ್ರಿಪ್ಲೆಟ್ ಕೂಡ ಬೆಳಕು ಕೊಡುತ್ತದೆ. 2012ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯ ಅದಾಚಿ ತಂಡ ಇರಿಡಿಯಂ ಇಲ್ಲದೆಯೇ, ಕೋಣೆಯ ಬಿಸಿಯಲ್ಲೇ ಟ್ರಿಪ್ಲೆಟ್ಟನ್ನು ಸಿಂಗ್ಲೆಟ್ ಮಾಡುವ ಅಣು ಕಟ್ಟಿತು. ಒಳಗಿನ ದಕ್ಷತೆ ಈಗ 100%ರ ಹತ್ತಿರ. ನೀಲಿ ಮಾತ್ರ ಇನ್ನೂ ಹಟಮಾರಿ, ದಕ್ಷತೆ ಬಂದರೆ ಆಯಸ್ಸು ಬರುವುದಿಲ್ಲ.

ಮೂರನೇ ಸಂಖ್ಯೆ, ಆ 0.2, ಅದೇ ಈಗಲೂ ದೊಡ್ಡ ಸೋರಿಕೆ.

ಹೇಮಾವತಿ ದಡ
ಐದರಲ್ಲಿ ನಾಲ್ಕು ಭಾಗ ಒಳಗೇ ಉಳಿಯುತ್ತದಾ?? ಯಾಕೆ? ಪದರಗಳು ಪಾರದರ್ಶಕ ತಾನೆ?

ತೋಟದ ಮನೆ
ಇದು ನನಗೆ ಗೊತ್ತು ಅನ್ನಿಸುತ್ತದೆ. ಚಿಕ್ಕವನಿದ್ದಾಗ ತೋಟದ ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟು ಮೇಲೆ ನೋಡುತ್ತಿದ್ದೆವು. ಆಕಾಶ, ಸಿಲ್ವರ್ ಓಕ್ ಮರ, ದಡದಲ್ಲಿ ನಿಂತು ಬೈಯುವ ಅಜ್ಜಿ ಎಲ್ಲ ತಲೆ ಮೇಲಿನ ಒಂದು ದುಂಡು ಕಿಂಡಿಯೊಳಗೆ ಕಾಣುತ್ತಿತ್ತು. ಕಿಂಡಿಯಿಂದಾಚೆ ನೀರಿನ ಮೇಲ್ಮೈ ಕನ್ನಡಿ ಥರ, ಕೆರೆಯ ತಳದ ಕೆಸರೇ ಕಾಣುವುದು. ಇದೇ ತಾನೆ?

ನಿವೃತ್ತ ಮೇಷ್ಟ್ರು
ಭೇಷ್! ಪೂರ್ಣ ಆಂತರಿಕ ಪ್ರತಿಫಲನ. ಇಷ್ಟು ಚೆಂದ ನಾನೂ ಹೇಳಿರಲಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33, ಆದ್ದರಿಂದ ನಿಮ್ಮ ಕಿಂಡಿ ಸಾಕಷ್ಟು ದೊಡ್ಡದು. ಸಾವಯವ ಪದರದ್ದು 1.7ರಿಂದ 1.8. ಕಿಂಡಿ ಇನ್ನೂ ಸಣ್ಣದು. ಆ ಕಿಂಡಿಯ ದಿಕ್ಕಿಗೆ ಹೊರಟ ಬೆಳಕು ಮಾತ್ರ ಹೊರಗೆ ಬರುತ್ತದೆ.

ಸಕಲೇಶಪುರದವನು
ಅದೇ. ಉಳಿದದ್ದು ಗಾಜಿನೊಳಗೆ ಸ್ವಲ್ಪ, ಐಟಿಓ ಮತ್ತು ಸಾವಯವ ಪದರದ ನಡುವೆ ಅಡ್ಡಡ್ಡ ಓಡುತ್ತಾ ಸ್ವಲ್ಪ, ಲೋಹದ ಮೇಲ್ಮೈಯಲ್ಲಿ ಪ್ಲಾಸ್ಮಾನ್ (ಲೋಹದ ಎಲೆಕ್ಟ್ರಾನ್‌ಗಳ ಅಲೆ) ಆಗಿ ಸ್ವಲ್ಪ ಸಾಯುತ್ತದೆ. ಗಾಜಿನೊಳಗಿನದನ್ನು ಹೊರಗೆ ತರಲು ಮೇಲೆ ಪುಟ್ಟ ಪುಟ್ಟ ಮಸೂರಗಳನ್ನು ಅಂಟಿಸುತ್ತಾರೆ. ಟಿವಿಗಳಲ್ಲಿ ಎಲ್‌ಜಿ 2023ರಲ್ಲಿ ಸೂಕ್ಷ್ಮ ಮಸೂರದ ಪದರ ತಂದಿತಲ್ಲ, ಅದರ ಹಿಂದಿನ ಯೋಚನೆಯೂ ಇದೇ ಜಾತಿಯದು. ಫೋನಲ್ಲಿ ಇನ್ನೊಂದು ಕಳ್ಳ ಇದೆ. ಬಿಸಿಲಲ್ಲಿ ಪರದೆ ಹೊಳೆಯದಿರಲಿ ಅಂತ ಹಾಕುವ ಪೋಲರೈಜರ್. ಅದು ಬಂದ ಬೆಳಕಲ್ಲಿ ಅರ್ಧಕ್ಕೂ ಹೆಚ್ಚು ತಿನ್ನುತ್ತದೆ. 2021ರ ಗ್ಯಾಲಕ್ಸಿ ಝಡ್ ಫೋಲ್ಡ್ 3ರಲ್ಲಿ ಸ್ಯಾಮ್‌ಸಂಗ್ ಅದನ್ನು ಕಿತ್ತುಹಾಕಿ ಬೇರೆ ದಾರಿ ಹಿಡಿಯಿತು. ಅಂದರೆ ಕೆಲವು ಸಲ ಪದರ ತೆಗೆದರೂ ದಕ್ಷತೆ ಏರುತ್ತದೆ.

ಪದರದ ದಪ್ಪವೂ ಇದಕ್ಕೆ ಸೇರಿದ್ದೇ. ಬೆಳಕು ಹುಟ್ಟುವ ಜಾಗ ಲೋಹಕ್ಕೆ ತೀರಾ ಹತ್ತಿರ ಇದ್ದರೆ ಪ್ಲಾಸ್ಮಾನ್ ನುಂಗುತ್ತದೆ. ಅಲ್ಲಿಂದ 60–75 ನ್ಯಾನೋಮೀಟರ್ ದೂರ ಇಟ್ಟರೆ ಹಸಿರು ಬೆಳಕಿಗೆ ಸರಿಯಾಗುತ್ತದೆ. ಲೋಹಕ್ಕೆ ಹೊಡೆದು ವಾಪಸ್ ಬಂದ ಅಲೆ, ಸೀದಾ ಹೊರಟ ಅಲೆ ಎರಡೂ ಹೆಜ್ಜೆ ಕೂಡಿಸುತ್ತವೆ. ಮಳೆ ಬಂದ ದಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಡೀಸೆಲ್ ಚೆಲ್ಲಿ ಬಣ್ಣ ಬಣ್ಣ ಕಾಣುತ್ತದಲ್ಲ, ಆ ಲೆಕ್ಕವೇ ಇದು.

ಕಡೂರು ಕಾಯಿ
ಇಷ್ಟು ತೆಳು ಪದರ ಮಾಡುವುದು ಹೇಗೆ? ಬ್ರಷ್ ಹಿಡಿದು ಬಳಿಯುವುದಕ್ಕಂತೂ ಆಗದು.

ಸಕಲೇಶಪುರದವನು
ನಾನು ಬೆಂಗಳೂರಿನ ಲ್ಯಾಬಲ್ಲಿ ಮಾಡುವ ಕೆಲಸವೇ ಅದು. ಉಕ್ಕಿನ ಡಬ್ಬ, ಒಳಗಿನ ಗಾಳಿಯನ್ನೆಲ್ಲ ಪಂಪ್ ಎಳೆದಿರುತ್ತದೆ. ತಳದಲ್ಲಿ ಅಕ್ಕಸಾಲಿಗರ ಮೂಸೆ ಥರ ಪುಟ್ಟ ಬಟ್ಟಲು, ಅದರಲ್ಲಿ ಹಳದಿ ಪುಡಿ. ಬಿಸಿ ಮಾಡಿದರೆ ಕರ್ಪೂರದ ಹಾಗೆ ಆವಿಯಾಗಿ ಮೇಲೆ ತೂಗುಹಾಕಿದ ಗಾಜಿಗೆ ಕೂರುತ್ತದೆ. ಪಕ್ಕದಲ್ಲಿ ಒಂದು ಕ್ವಾರ್ಟ್ಸ್ ಬಿಲ್ಲೆ ಕಂಪಿಸುತ್ತಿರುತ್ತದೆ. ಅದರ ಮೇಲೂ ಪುಡಿ ಕೂತು ಭಾರವಾದಂತೆ ಕಂಪನ ನಿಧಾನವಾಗುತ್ತದೆ, ಅದರಿಂದ ದಪ್ಪ ಗೊತ್ತಾಗುತ್ತದೆ. ಒಂದು ಸೆಕೆಂಡಿಗೆ ಒಂದು ಆಂಗ್‌ಸ್ಟ್ರಾಂ, ಅಂದರೆ ನ್ಯಾನೋಮೀಟರಿನ ಹತ್ತರಲ್ಲಿ ಒಂದು ಭಾಗ. 60 ನ್ಯಾನೋಮೀಟರ್‌ಗೆ ಹತ್ತು ನಿಮಿಷ, ಕಣ್ಣು ಮಿಟುಕಿಸದೆ ಅಂಕಿ ನೋಡುತ್ತಾ ಕೂರಬೇಕು. ಪುಡಿಯಲ್ಲಿ ಹೆಚ್ಚಿನ ಪಾಲು ಡಬ್ಬದ ಗೋಡೆಗೇ ಅಂಟುತ್ತದೆ. ಇರಿಡಿಯಂ ಇರುವ ಪುಡಿ ಆದರೆ ಹೊಟ್ಟೆ ಉರಿಯುತ್ತದೆ.

ದ್ರಾವಣ ಮಾಡಿ ಬಳಿಯುವುದೂ ಉಂಟು, ಅಗ್ಗ. ಆದರೆ ಎರಡನೇ ಕೋಟಿನ ದ್ರಾವಕ ಮೊದಲನೇ ಪದರವನ್ನು ಕರಗಿಸಬಾರದು. ಒಣಗದ ಸುಣ್ಣದ ಮೇಲೆ ಮತ್ತೆ ಸುಣ್ಣ ಹೊಡೆದರೆ ಕಿತ್ತು ಬರುತ್ತದಲ್ಲ ಹಾಗೆ. ಅದಕ್ಕೇ ಕೆಳಗೆ ನೀರಲ್ಲಿ ಕರಗುವ ಪೆಡಾಟ್, ಮೇಲೆ ಟೊಲುಯೀನ್ ಅನ್ನುವ ದ್ರಾವಕದಲ್ಲಿ ಕರಗುವ ಪಾಲಿಮರ್.

ಆಲೂಗಡ್ಡೆ ಸಂತೆ
ಇಷ್ಟೆಲ್ಲ ಮಾಡಿ ಕೊನೆಗೆ ನನ್ನ ಫೋನಲ್ಲಿ ಹಸಿರು ಗೆರೆ. ಮನೆಗೆ 9 ವ್ಯಾಟ್ ಎಲ್‌ಇಡಿ ಬಲ್ಬೇ ಸಾಕಪ್ಪ.

ಸಕಲೇಶಪುರದವನು
ಬಲ್ಬಿಗೆ ನಿಮ್ಮ ಮಾತು ಸರಿ ಅಣ್ಣಾ. ದೀಪದ ಲೆಕ್ಕದಲ್ಲಿ ಮಾಮೂಲಿ ಎಲ್‌ಇಡಿಯ ಬೆಲೆ ಮುಂದೆ ಓಎಲ್‌ಇಡಿ ಸದ್ಯಕ್ಕೆ ನಿಲ್ಲುವುದಿಲ್ಲ.

ಬೆಸುಗೆ ಕಡ್ಡಿ
ಚಿಕ್ಕಮಗಳೂರಿಗೆ ಬಂದರೆ ಅಂಗಡಿಗೆ ಬನ್ನಿ ಅಣ್ಣಾ, ಫ್ಲೆಕ್ಸ್ ಒಂದು ಸಲ ನೋಡಿಕೊಡುತ್ತೇನೆ. ಸರಿ ಹೋಗದಿದ್ದರೆ ದುಡ್ಡು ಬೇಡ. ಅರ್ಧ ಮೂಟೆ ಆಲೂಗಡ್ಡೆ ತನ್ನಿ ಸಾಕು.

ಹೇಮಾವತಿ ದಡ
ಸೆಮಿನಾರ್ ಮುಗೀತು! ಹಿಂದಿನ ದಿನವೇ ಧೈರ್ಯ ಮಾಡಿ ಗೈಡ್ ಹತ್ತಿರ "ಪದರ ವಸ್ತು ಅಂದರೆ ಯಾವುದು ಸಾರ್" ಅಂತ ಕೇಳಿದ್ದೆ. "ಎರಡೂ ಹಾಕು" ಅಂದರು. ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಅನುಮಾನ.

ಬೇಲೂರಿನ ಗೇಟು ಹೇಳಿದೆ, ಎಲ್ಲರೂ ನಕ್ಕರು. 1.25% ಲೆಕ್ಕ ಬೋರ್ಡ್ ಮೇಲೆ ಹಾಕಿದೆ. ಹೊರಗಿಂದ ಬಂದಿದ್ದ ಮೇಡಂ "60 ನ್ಯಾನೋಮೀಟರೇ ಯಾಕೆ, 30 ಯಾಕಲ್ಲ?" ಅಂತ ಕೇಳಿದರು. ರಸ್ತೆಯ ಡೀಸೆಲ್ ಕಥೆ, ಪ್ಲಾಸ್ಮಾನ್ ಎರಡೂ ಹೇಳಿದೆ, ತಲೆದೂಗಿದರು. ಕಡೂರಿನ ಅಣ್ಣನ ದಯೆಯಿಂದ ಟ್ಯಾಂಡೆಮ್ ಪ್ರಶ್ನೆಯೂ ಬಂತು, ವ್ಯಾಟ್ ಲೆಕ್ಕ ಹೇಳಿ ಬಚಾವಾದೆ. ಕೊನೆಗೆ ಮೊಬಿಲಿಟಿಯ (ಎಲೆಕ್ಟ್ರಾನ್, ಹೋಲ್ ಎಷ್ಟು ಸಲೀಸಾಗಿ ಓಡುತ್ತವೆ ಅನ್ನುವ ಅಳತೆ) ಯೂನಿಟ್ ಏನು ಅಂತ ಕೇಳಿದರು ನೋಡಿ, ಬಾಯಿ ಕಟ್ಟಿಹೋಯಿತು.

ನಿವೃತ್ತ ಮೇಷ್ಟ್ರು
ಸೆಂಟಿಮೀಟರ್ ವರ್ಗ, ಪ್ರತಿ ವೋಲ್ಟ್, ಪ್ರತಿ ಸೆಕೆಂಡ್. ಪಿಯುಸಿ ಪಾಠ ಅಮ್ಮ ಅದು!

ತೋಟದ ಮನೆ
ಹೋಗಲಿ ಬಿಡಿ ಮೇಷ್ಟ್ರೇ. ಮಗೂ, ಈ ಕಡೆ ಬಂದರೆ ಮನೆಗೆ ಬಾ, ಕೆರೆ ತೋರಿಸುತ್ತೇನೆ. ಅಜ್ಜಿ ಇಲ್ಲ, ಕಿಂಡಿ ಇದೆ.